ರಾಜಧಾನಿ ಹೋಯ್ತು, ಫ್ಯಾನೂ ನಿಂತಿತು

ಮೇ ತಿಂಗಳಲ್ಲಿ ಕೋಲ್ಕತ್ತಾದಲ್ಲಿ ಫ್ಯಾನ್ ಕೆಡಬಾರದು. ಅದರಲ್ಲೂ ಟಾಗೋರರ ಹುಟ್ಟುಹಬ್ಬ ಹತ್ತಿರ ಇರುವಾಗ ಕೆಡಲೇಬಾರದು. ಬಂಗಾಳಿ ಪಂಚಾಂಗದ ಪ್ರಕಾರ ಬೈಶಾಖ 25, ನಮ್ಮ ಲೆಕ್ಕಕ್ಕೆ ಮೇ 8 ಅಥವಾ 9. ಆ ವಾರ ಪ್ಲಂಬರ್ ಸಿಗೋದಿಲ್ಲ, ಬಡಗಿ ಸಿಗೋದಿಲ್ಲ. ನಮ್ಮ ಎಲೆಕ್ಟ್ರಿಷಿಯನ್ ಪುಣ್ಯಕ್ಕೆ ಫೋನ್ ಎತ್ತಿದ. 'ಸಂಜೆ ರಿಹರ್ಸಲ್ ಇದೆ ದಾದಾ' ಅಂದ. ಹಾಗಾದರೆ ಬೆಳಿಗ್ಗೆ ಬಾರಪ್ಪ ಅಂದರೆ, ಬೆಳಿಗ್ಗೆ ಗಂಟಲಿಗೆ ರೆಸ್ಟ್ ಅಂತೆ. ಫ್ಯಾನಿಗೆ ಕಂಡೆನ್ಸರ್ ಹಾಕೋಕೆ ಗಂಟಲು ಯಾಕೆ ಬೇಕು, ನೀವೇ ಹೇಳಿ.

ಬ್ರಿಟಿಷರು ಜಾಣರು. ಈ ಊರನ್ನು ರಾಜಧಾನಿ ಮಾಡಿಕೊಂಡರೂ 1864ರಿಂದ ಬೇಸಿಗೆ ಬಂತೆಂದರೆ ಫೈಲು, ಗುಮಾಸ್ತರ ಸಮೇತ ಶಿಮ್ಲಾಕ್ಕೆ ಗಂಟುಮೂಟೆ ಕಟ್ಟುತ್ತಿದ್ದರು. ಅವರ ಎಲೆಕ್ಟ್ರಿಷಿಯನ್ನೂ ಹಾಡುಗಾರನೇ ಇದ್ದಿರಬೇಕು.

ಇನ್ನು ಕೆಳಗಿನ ಮನೆಯ ದಾದಾ. ರಿಟೈರ್ ಆದವರು, ಓಣಿಯ ಕ್ಲಬ್ಬಿನ ಸೆಕ್ರೆಟರಿ. ನೀರಿನ ಮೋಟಾರು, ಲಿಫ್ಟು, ಮೆಟ್ಟಿಲ ಬಲ್ಬು ಎಲ್ಲ ಅವರ ಉಸ್ತುವಾರಿ. 'ದಾದಾ, ನೀರು ಬರ್ತಿಲ್ಲ' ಅಂದರೆ ನಿಟ್ಟುಸಿರು ಬಿಡುತ್ತಾರೆ. 'ಎಲ್ಲಿಂದ ಬರಬೇಕು ಭಾಯಿ, ರಾಜಧಾನೀನೇ ಹೋಯ್ತಲ್ಲ!' ಲಿಫ್ಟ್ ನಿಂತರೆ? ರಾಜಧಾನಿ ಹೋಯ್ತು. ಹಿಲ್ಸಾ ಮೀನಿನ ರೇಟು ಏರಿದರೆ? ಅದೂ ಅದಕ್ಕೇ. 1911ರ ಡಿಸೆಂಬರ್ 12ರಂದು ದೆಹಲಿ ದರ್ಬಾರಿನಲ್ಲಿ ಐದನೇ ಜಾರ್ಜ್ ಎದ್ದು ನಿಂತು 'ಇನ್ನು ರಾಜಧಾನಿ ದೆಹಲಿ' ಅಂದಿದ್ದನ್ನು ದಾದಾ ಮುಂದಿನ ಸಾಲಿನಲ್ಲಿ ಕೂತು ಕೇಳಿದವರ ಹಾಗೆ ಹೇಳುತ್ತಾರೆ. ಆಗ ಅವರ ಅಜ್ಜನಿಗೇ ಮೀಸೆ ಬಂದಿತ್ತೋ ಇಲ್ಲವೋ.

ಅಲ್ಲಿಗೆ ಮುಗಿಯೋದಿಲ್ಲ. 'ಕುರ್ಚಿ ಒಯ್ದರು, ಕಲ್ಚರ್ ಒಯ್ಯೋಕಾಯ್ತಾ?' ಅಂತ ಹೆಬ್ಬೆರಳಿನಿಂದ ಬೆರಳಿನ ಗೆಣ್ಣು ಎಣಿಸಲು ಶುರು. 1784ರ ಏಷ್ಯಾಟಿಕ್ ಸೊಸೈಟಿ, 1814ರ ಇಂಡಿಯನ್ ಮ್ಯೂಸಿಯಂ, ಕಾಲೇಜ್ ಸ್ಟ್ರೀಟಿನ ಹಳೇ ಪುಸ್ತಕ, ಅದರ ಪಕ್ಕದ ಕಾಫಿ ಹೌಸು. ರವೀಂದ್ರ ಸದನ, ನಂದನ್ ಮುಟ್ಟುವಷ್ಟರಲ್ಲಿ ಇನ್ನೊಂದು ಕೈಗೆ ದಾಟಿರುತ್ತಾರೆ, ನಾನು ಖಾಲಿ ಬಕೆಟ್ಟನ್ನು ಈ ಕೈಯಿಂದ ಆ ಕೈಗೆ ಬದಲಿಸಿರುತ್ತೇನೆ, ಮೋಟಾರಿನ ಸ್ವಿಚ್ ಮಾತ್ರ ಅವರ ಬೆನ್ನ ಹಿಂದೆಯೇ ಇರುತ್ತದೆ.

ಹೋಗಲಿ, ಹೊರಗೆ ಬಂದರಾದರೂ ಬಿಡುತ್ತಾರಾ? ಸಿಗ್ನಲ್ಲಿನಲ್ಲೂ ಸ್ಪೀಕರ್ ಹಚ್ಚಿ ರವೀಂದ್ರ ಸಂಗೀತ ಹಾಕುತ್ತಾರೆ. ಇನ್ನೇನು ಹಾಡು ರಂಗೇರಿತು ಅನ್ನುವಾಗ ಹಸಿರು ದೀಪ. ಮುಂದಿನ ಸಿಗ್ನಲ್ಲಿನಲ್ಲಿ ಬೇರೆ ಹಾಡು. ಈ ಊರಲ್ಲಿ ನನಗೆ ಎಷ್ಟೋ ಹಾಡು ಗೊತ್ತು, ಒಂದೂ ಪೂರ್ತಿ ಗೊತ್ತಿಲ್ಲ.

ನಿನ್ನೆ ಕ್ಲಬ್ಬಿನ ಕಾರ್ಯಕ್ರಮ. ಆರು ಗಂಟೆ ಅಂದಿದ್ದರು, ಏಳೂವರೆಗೂ 'ಹಲೋ, ಮೈಕ್ ಟೆಸ್ಟಿಂಗ್' ನಡೆದಿತ್ತು. ಮನೆಯಲ್ಲಿ ಸೆಕೆ, ಇಲ್ಲಿ ಪೆಡೆಸ್ಟಲ್ ಫ್ಯಾನ್ ಇದೆಯಲ್ಲ ಅಂತ ಹೋಗಿ ಕೂತಿದ್ದೆ. ದಾದಾ 'ಎರಡೇ ಮಾತು' ಅಂತ ಮೈಕ್ ಹಿಡಿದರು. ರಾಜಧಾನಿ ಹೋದ ಹದಿನೈದೇ ದಿನಕ್ಕೆ ಜನ ಗಣ ಮನ ಮೊದಲ ಸಲ ಹಾಡಿದ್ದು ಎಲ್ಲಿ? ಕೋಲ್ಕತ್ತಾದಲ್ಲಿ! ಎರಡೇ ವರ್ಷಕ್ಕೆ, 1913ರಲ್ಲಿ, ನೊಬೆಲ್ ಬಂದಿದ್ದು ಯಾರಿಗೆ? ನಮ್ಮ ಗುರುದೇವರಿಗೆ! 'ದೆಹಲಿಗೆ ಏನು ಬಂತು?' ಅಂತ ಕೇಳಿದರು. ಚಪ್ಪಾಳೆ. ಅಷ್ಟರಲ್ಲಿ ಫ್ಯಾನನ್ನು ಯಾರೋ ಮುಖ್ಯ ಅತಿಥಿಗಳ ಕಡೆ ತಿರುಗಿಸಿಬಿಟ್ಟರು.

ಆಮೇಲೆ ನಮ್ಮ ಎಲೆಕ್ಟ್ರಿಷಿಯನ್ ಬಂದ. ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಕುರ್ತಾ, ಜೇಬಿನಲ್ಲಿ ಪೆನ್ನಿನ ಜಾಗದಲ್ಲಿ ಟೆಸ್ಟರ್. ಕಣ್ಣು ಮುಚ್ಚಿ ಹಾಡಿದ. ಬೈಯಬೇಕು ಅಂತಲೇ ಕೂತಿದ್ದೆ, ಆಗಲಿಲ್ಲ. ಚೆನ್ನಾಗಿ ಹಾಡಿದ, ಸುಳ್ಳು ಯಾಕೆ ಹೇಳಲಿ.

ನಾನು ಕಾರವಾರದವನು. ಟಾಗೋರರು ಇಪ್ಪತ್ತೆರಡರ ಹುಡುಗನಾಗಿದ್ದಾಗ, 1883ರಲ್ಲಿ, ಅಲ್ಲಿ ಜಡ್ಜ್ ಆಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದು ಉಳಿದವರು, ಒಂದು ನಾಟಕವನ್ನೂ ಅಲ್ಲೇ ಬರೆದವರು. ನಮ್ಮ ಬೀಚಿಗೆ ಅವರದೇ ಹೆಸರು. ಚಿಕ್ಕವರಿದ್ದಾಗ ಅಪ್ಪ ಭಾನುವಾರ ಕರೆದುಕೊಂಡು ಹೋಗುತ್ತಿದ್ದರು. ಮರಳಲ್ಲಿ ಕೂತು ಚುರುಮುರಿ ತಿನ್ನುತ್ತಿದ್ದೆವು. ಅಪ್ಪನಿಗೆ ಹಾಡು ಅಂದರೆ ಜೀವ, ಆದರೆ ಈ ಹಾಡುಗಳು ಅವರ ಕಿವಿಗೆ ಬಿದ್ದೇ ಇರಲಿಲ್ಲ. ನಿನ್ನೆ ಅವರಿದ್ದಿದ್ದರೆ ಒನ್ಸ್ ಮೋರ್ ಅಂತಿದ್ದರು.

ವೇದಿಕೆ ಇಳಿದವನನ್ನು ಹಿಡಿದು ನಾಳೆ ಬರ್ತೀಯಾ ಅಂದೆ. ನಾಳೆ ಪಕ್ಕದ ಓಣಿಯಲ್ಲಿ ಪ್ರೋಗ್ರಾಂ ಅಂತೆ, ನನ್ನನ್ನೂ ಕರೆದ.

ಸುಮ್ನೆ ಬರಬೇಕಿತ್ತು. ಬಾಯಿ ತಡೆಯದೆ ದಾದಾ ಹತ್ತಿರ ಕಾರವಾರದ ಕಥೆ ಹೇಳಿದೆ. 'ಗೊತ್ತು ಗೊತ್ತು, ಅಲ್ಲಿಂದ ವಾಪಸ್ ಬಂದು ಅದೇ ಡಿಸೆಂಬರಿನಲ್ಲಿ ಮದುವೆಯಾದರು' ಅನ್ನುತ್ತ ಚೀಲದಿಂದ ರಸೀದಿ ಪುಸ್ತಕ ತೆಗೆದರು. ದುರ್ಗಾಪೂಜೆಯ ಚಂದಾ. ಮೇ ತಿಂಗಳಲ್ಲೇ! 2021ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತಲ್ಲ, ಖರ್ಚು ಜಾಸ್ತಿ ಅಂತೆ. 'ಕಾರವಾರದವರು ಅಂದ್ಮೇಲೆ ನೀವು ಗುರುದೇವರ ಕಡೆಯವರೇ' ಅಂತ ಖುಷಿಯಿಂದ ಒಂದು ಸೊನ್ನೆ ಜಾಸ್ತಿ ಬರೆದು ರಸೀದಿ ಹರಿದು ಕೊಟ್ಟರು.