ಕೆರೆ ಟ್ರಸ್ಟಿಗೆ ಹೊಸ ಅಧ್ಯಕ್ಷೆ ಬಂದಿದ್ದಕ್ಕೆ ಇಷ್ಟೊಂದು ಗೊಣಗಾಟ ಯಾಕೆ?

ನಮ್ಮ ಕೆರೆ ಟ್ರಸ್ಟಿನ ಅಧ್ಯಕ್ಷತೆ ಬದಲಾಗಿದೆ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಕೆರೆಯನ್ನು ಮನೆಮಗುವಿನಂತೆ ನೋಡಿಕೊಂಡ ಮೇಡಂ, ಇನ್ನೂ ಗಟ್ಟಿಮುಟ್ಟಾಗಿರುವಾಗಲೇ ತಾವಾಗಿ ಜಾಗ ಬಿಟ್ಟುಕೊಟ್ಟರು. ಅವರ ಜಾಗಕ್ಕೆ ಬಂದವರು ಯಾವ ಅಪಾರ್ಟ್‌ಮೆಂಟಿನವರೂ ಅಲ್ಲ, ಕೆರೆ ಏರಿಯ ಆಚೆಗಿರುವ ಹಳೇ ಊರಿನ ಅಕ್ಕ. ಅವರ ಮಾವನವರ ಕಾಲದವರೆಗೂ ಕೆರೆ ಹಿಂದಿನ ಗದ್ದೆಗಳಿಗೆ ತೂಬಿನ ನೀರು ಹರಿಯುತ್ತಿತ್ತು. ಅವತ್ತಿನಿಂದ ವಾಟ್ಸಾಪ್ ಗ್ರೂಪಿನಲ್ಲಿ ಒಂದೇ ಗೊಣಗಾಟ. ಆಫೀಸರುಗಳಿಗೆ ಇಂಗ್ಲಿಷಿನಲ್ಲಿ ಮೇಲ್ ಬರೆಯೋರು ಯಾರು? ಸಿಎಸ್‌ಆರ್ ದುಡ್ಡು, ಅಂದ್ರೆ ಕಂಪನಿಗಳು ಸಮಾಜಸೇವೆಗೆ ಕೊಡೋ ದುಡ್ಡು, ತರೋರು ಯಾರು? ಎರಡು ಸಾಲಿನಲ್ಲಿ ಮುಗಿಯುವ ಉತ್ತರ ಅಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಬೆಂಗಳೂರಿನ ಕೆರೆಗಳ ಯಜಮಾನಿಕೆ ಎಷ್ಟು ಸಲ ಕೈ ಬದಲಾಯಿಸಿದೆ ನೋಡಿ. 2002ರಲ್ಲಿ ಕೆರೆ ಅಭಿವೃದ್ಧಿ ಪ್ರಾಧಿಕಾರ ಬಂತು. ಅದು ಹೆಬ್ಬಾಳ, ನಾಗವಾರದಂಥ ಕೆರೆಗಳನ್ನು ಖಾಸಗಿಯವರಿಗೆ ಗುತ್ತಿಗೆ ಕೊಟ್ಟಿತು. ಜನ ಹೈಕೋರ್ಟಿಗೆ ಹೋದರು, 2012ರಲ್ಲಿ ಕೆರೆ ರಕ್ಷಣೆಯ ಬಗ್ಗೆ ದೊಡ್ಡ ಆದೇಶ ಬಂತು. 2014ರಲ್ಲಿ ಹೊಸ ಕಾಯ್ದೆ, ಹೊಸ ಪ್ರಾಧಿಕಾರ. 2018ರಲ್ಲಿ ಅದನ್ನೂ ಮುಚ್ಚಿ ಕೆಲಸವನ್ನು ಇನ್ನೊಂದು ಪ್ರಾಧಿಕಾರಕ್ಕೆ ವಹಿಸಿದರು. 2020ರ ಸೆಪ್ಟೆಂಬರಿನಲ್ಲಿ ಕಾರ್ಪೊರೇಟರ್‌ಗಳ ಅವಧಿ ಮುಗಿದ ಮೇಲೆ ನಗರದ ಪಾಲಿಕೆಯಾಗಿದ್ದ ಬಿಬಿಎಂಪಿಗೆ ಚುನಾವಣೆಯೇ ನಡೆಯಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯೇ ಹೋಗಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳಾದವು. ಪ್ರತಿ ಸಲವೂ ಫೈಲು ಒಂದು ಕಚೇರಿಯಿಂದ ಇನ್ನೊಂದಕ್ಕೆ ಹೋಗುತ್ತದೆ, ಇಂಜಿನಿಯರ್ ವರ್ಗವಾಗುತ್ತಾರೆ. ಯಾವ ಚರಂಡಿಯಲ್ಲಿ ಯಾವ ಬಡಾವಣೆಯ ಕೊಳಚೆ ಬರುತ್ತದೆ, ಸರ್ವೆ ಕಲ್ಲು ಎಲ್ಲಿ ಹೂತುಹೋಗಿದೆ ಅನ್ನುವುದು ಗೊತ್ತಿರುವವರು ಕೊನೆಗೆ ಉಳಿಯುವುದು ದಿನಾ ಏರಿ ಮೇಲೆ ಓಡಾಡುವ ನಾಲ್ಕು ಜನ ಮಾತ್ರ. ಆ ನಾಲ್ವರೂ ದಣಿದು ಮನೆ ಸೇರಿದರೆ ಕೆರೆಯ ಪರಿಚಯ ಇರುವವರೇ ಇರುವುದಿಲ್ಲ. ಅಧ್ಯಕ್ಷತೆ ಯಾರ ಕೈಗೆ ಹೋಗುತ್ತದೆ ಅನ್ನುವುದಕ್ಕಿಂತ, ಹೋಗುವಾಗ ಆ ತಿಳಿವಳಿಕೆಯೂ ಜತೆಗೆ ಹೋಗುತ್ತದೆಯೇ ಅನ್ನುವುದು ನನಗೆ ಮುಖ್ಯ.

ಒಂದೇ ಒಂದು ಕೆಲಸ ಹೇಳುತ್ತೇನೆ. ಮಳೆನೀರು ಹರಿಯುವ ದೊಡ್ಡ ರಾಜಕಾಲುವೆ ನಮ್ಮ ಕೆರೆಗೆ ಸೇರುವ ಬಾಯಲ್ಲಿ ತಿರುಪಿನ ಗೇಟು ಇದೆ, ಪಕ್ಕದಲ್ಲೇ ನೀರು ಕೆರೆಗೆ ಬೀಳದೆ ಸುತ್ತಿಹೋಗಲು ಇನ್ನೊಂದು ಕಾಲುವೆ. ಬೇಸಿಗೆಯ ಮೊದಲ ದೊಡ್ಡ ಮಳೆ ಬಿದ್ದಾಗ ತಿಂಗಳುಗಟ್ಟಲೆ ಕಾಲುವೆಯಲ್ಲಿ ಕೂತ ಕೊಚ್ಚೆ, ಎಣ್ಣೆ, ಹೊಲಸು ಎಲ್ಲವೂ ಒಂದೇ ಏಟಿಗೆ ನುಗ್ಗುತ್ತದೆ. ಅದು ಕೆರೆಗೆ ಬಿದ್ದರೆ ನೀರಿನ ಆಮ್ಲಜನಕ ಇಳಿದು, ಬೆಳಗಾಗುವಷ್ಟರಲ್ಲಿ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತವೆ. 2016ರ ಮಾರ್ಚಿನಲ್ಲಿ ಹಲಸೂರು ಕೆರೆ ದಡದಲ್ಲಿ ಬೆಳ್ಳಗೆ ಹಾಸಿದಂತೆ ಬಿದ್ದಿದ್ದ ಸತ್ತ ಮೀನುಗಳನ್ನು ಊರೆಲ್ಲ ನೋಡಿದೆ. ಹಾಗಾಗದಿರಲು, ಮೋಡ ಕಟ್ಟಿದ ತಕ್ಷಣ ಯಾರಾದರೂ ಓಡಿಹೋಗಿ ಗೇಟು ಇಳಿಸಬೇಕು. ಯಾವಾಗ ಎತ್ತಬೇಕು ಅನ್ನುವುದು ಅದಕ್ಕಿಂತ ಕಷ್ಟದ ಲೆಕ್ಕ. ಬೇಗ ಎತ್ತಿದರೆ ವಿಷ ಒಳಗೆ, ತಡವಾಗಿ ಎತ್ತಿದರೆ ಒಳ್ಳೆ ಮಳೆನೀರೆಲ್ಲ ಕೆಳಗಿನ ಊರಿಗೆ.

ಈ ಬೇಸಿಗೆಯಲ್ಲಿ ಮೇಡಂ ಅದನ್ನು ಅಕ್ಕನಿಗೆ ಗೇಟಿನ ಹತ್ತಿರವೇ ನಿಂತು ಹೇಳಿಕೊಟ್ಟರು. “ಕಪ್ಪು ನೀರು ಹೋಗಿ ಕೆಂಪು ನೀರು ಬರೋವರೆಗೂ ಎತ್ತಬೇಡಮ್ಮ. ವಾಸನೆನೂ ನೋಡು, ಮಣ್ಣಿನ ವಾಸನೆ ಬರಬೇಕು.” ಅಕ್ಕ ತಿರುಪಿಗೆ ಗ್ರೀಸ್ ಬಳಿಯುತ್ತಲೇ ಅಂದರು: “ಅದು ಸರಿ ಮೇಡಂ. ಆದ್ರೆ ಗಾಳಿ ಕೋಡಿ ಕಡೆಯಿಂದ ಬಂದ್ರೆ ತೇಲೋ ಕಳೆಯೆಲ್ಲ ಇಲ್ಲೇ ಬಂದು ಸಿಕ್ಕೊಳ್ಳುತ್ತೆ. ಮೊದ್ಲು ಅದನ್ನ ಎಳೀಬೇಕು, ಇಲ್ದಿದ್ರೆ ಗೇಟು ಪೂರ್ತಿ ಕೂರಲ್ಲ.” ಇಷ್ಟು ವರ್ಷ ಗೇಟಿನ ಅಡಿಯಿಂದ ಕೊಚ್ಚೆ ಸೋರುತ್ತಿದ್ದುದು ಯಾಕೆ ಅಂತ ನಮಗೆ ಗೊತ್ತಾಗಿದ್ದೇ ಅವತ್ತು. ಅಧಿಕಾರ ಹಸ್ತಾಂತರ ಅಂದರೆ ನನ್ನ ಕಣ್ಣಿಗೆ ಅದೇ. ಹಾರ, ಶಾಲು, ಫೋಟೋ ಎಲ್ಲ ಆಮೇಲೆ.

ಇಂಗ್ಲಿಷ್ ವಿಷಯಕ್ಕೆ ಬರೋಣ. ಕೆರೆ ಕೆಲಸಕ್ಕೆ ಓದಿದವರು ಬೇಡ ಎಂದು ನಾನು ಹೇಳುತ್ತಿಲ್ಲ. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಗೆ 2010ರಲ್ಲಿ ಅಕ್ಕಪಕ್ಕದ ನಿವಾಸಿಗಳು ಟ್ರಸ್ಟ್ ಕಟ್ಟಿದರು, ಮರುವರ್ಷವೇ ಪಾಲಿಕೆ ಜತೆ ಒಪ್ಪಂದ ಮಾಡಿಕೊಂಡು ಊರಿಗೇ ಮೇಲ್ಪಂಕ್ತಿ ಹಾಕಿದರು. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆ ಬದುಕಿದ್ದೂ ಸುತ್ತಮುತ್ತಲಿನ ನಿವಾಸಿಗಳು ಅಧಿಕಾರಿಗಳ ಜತೆ ಹಟ ಹಿಡಿದು ಕೂತಿದ್ದರಿಂದ. ಆದರೆ 2020ರ ಮಾರ್ಚಿನಲ್ಲಿ, ಕೆರೆಗಳನ್ನು ಒಪ್ಪಂದದ ಮೇಲೆ ಖಾಸಗಿಯವರಿಗೆ ವಹಿಸುವುದಕ್ಕೆ ಹೈಕೋರ್ಟ್ ತಡೆ ಹಾಕಿದಾಗ, ಕಂಪನಿಗಳ ಜತೆ ನಾಗರಿಕ ಗುಂಪುಗಳಿಗೂ ಬಿಸಿ ತಟ್ಟಿತು. ಕೆರೆ ಸಾರ್ವಜನಿಕರ ಸ್ವತ್ತು ಅನ್ನುವ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಹಾಗಿದ್ದ ಮೇಲೆ ಟ್ರಸ್ಟಿನಲ್ಲಿ ಸಾರ್ವಜನಿಕರು ಕಾಣಬೇಕಲ್ಲವೇ? ಬರೀ ಗೇಟೆಡ್ ಕಮ್ಯೂನಿಟಿಯವರೇ ಕೂತರೆ, ದನ ಮೇಯಿಸುವವರು, ಹುಲ್ಲು ಕೊಯ್ಯುವವರು, ಬಲೆ ಬೀಸುವವರು ನಮ್ಮ ಕಣ್ಣಿಗೆ ಅತಿಕ್ರಮಣದಾರರಂತೆ ಕಾಣತೊಡಗುತ್ತಾರೆ. ನಮ್ಮಲ್ಲೇ ಅದು ಆಗಿದೆ. ಬೇಲಿ ಹಾಕಿ ಬೀಗ ಜಡಿಯಬೇಕು ಅಂತ ಒಮ್ಮೆ ನಿರ್ಣಯವೇ ಬಂದಿತ್ತು.

ಜಕ್ಕೂರಿಗೆ ಹೋಗಿ ಬನ್ನಿ. ಸುಮಾರು 160 ಎಕರೆ ಕೆರೆ. ಶುದ್ಧೀಕರಣ ಘಟಕದ ನೀರು ಜೊಂಡು ಬೆಳೆದ ಜೌಗಿನಲ್ಲಿ ಹಾದು, ಇನ್ನಷ್ಟು ತಿಳಿಯಾಗಿ ಕೆರೆಗೆ ಸೇರುತ್ತದೆ. ಅಲ್ಲೇ ಮೀನುಗಾರಿಕೆ, ಅಲ್ಲೇ ಹೆಜ್ಜಾರ್ಲೆಗಳು, ಅಲ್ಲೇ ಬೆಳಗಿನ ವಾಕಿಂಗ್. ಕೆರೆ ನಂಬಿ ಹೊಟ್ಟೆ ಹೊರೆಯುವವರಿಗೆ ನೀರು ಕೆಟ್ಟಿದ್ದು ನಮಗಿಂತ ಮೊದಲು ಗೊತ್ತಾಗುತ್ತದೆ.

ಹಳೆಯದೆಲ್ಲ ಚೆನ್ನಾಗಿತ್ತು ಅನ್ನುವ ಮಾತು ಬೇಡ. ಹಿಂದೆ ತೂಬು ಎತ್ತಿ ಇಳಿಸಿ, ಗದ್ದೆಗದ್ದೆಗೆ ನೀರು ಹಂಚುತ್ತಿದ್ದವನು ನೀರುಗಂಟಿ. ಎಷ್ಟೋ ಊರುಗಳಲ್ಲಿ ಆ ಕೆಲಸ ದಲಿತ ಕುಟುಂಬಗಳದ್ದು. ಸುಗ್ಗಿಯಲ್ಲಿ ಅವರಿಗೊಂದಿಷ್ಟು ಕಾಳು ಸಿಗುತ್ತಿತ್ತು, ನ್ಯಾಯಪಂಚಾಯಿತಿಯಲ್ಲಿ ಕೂರುವುದಕ್ಕೆ ಜಾಗ ಸಿಗುತ್ತಿರಲಿಲ್ಲ. ಕೆರೆಯ ಕೆಲಸ ಒಬ್ಬರದು, ಮಾತು ಇನ್ನೊಬ್ಬರದು. ಇವತ್ತು ನಮ್ಮ ಟ್ರಸ್ಟಿನಲ್ಲೂ ಕಳೆ ಎಳೆಯುವವರು ಹಳೇ ಊರಿನವರು, ಮೀಟಿಂಗಿನಲ್ಲಿ ಮಾತಾಡುವವರು ಅಪಾರ್ಟ್‌ಮೆಂಟಿನವರು ಅಂತಾದರೆ, ನಾವು ಬದಲಾಯಿಸಿದ್ದಾದರೂ ಏನು? ಅಕ್ಕ ಆ ಕುರ್ಚಿಯಲ್ಲಿ ಕೂತಿರುವುದು ನನಗೆ ನಿಜಕ್ಕೂ ದೊಡ್ಡ ವಿಷಯ. ಮೇಲ್ ಬರೆಯುವ ಕೆಲಸ ನನ್ನಂಥ ಹತ್ತು ಜನ ಮಾಡಬಹುದು, ಹೇಳಿದರೆ ಇವತ್ತೇ ಮಾಡುತ್ತೇನೆ. ಕನ್ನಡದಲ್ಲಿ ಬರೆದ ಅರ್ಜಿಗೂ ಸರ್ಕಾರಿ ಕಚೇರಿ ಉತ್ತರ ಕೊಡಲೇಬೇಕು, ಅದು ಬೇರೆ ಮಾತು.

ಭಾನುವಾರದ ಸ್ವಯಂಸೇವಕರಿಗೂ ಒಂದು ಮಾತು. ಬಸ್ಸಿನಲ್ಲಿ ಬಂದು ಗಿಡ ನೆಡುವ ತಂಡಗಳು ಬರಲಿ, ಸಂತೋಷ. ಆದರೆ ಮಾರ್ಚಿನ ಬಿಸಿಲಿನಲ್ಲಿ ಆ ಗಿಡಗಳಿಗೆ ನೀರು ಹಾಕುವವರು ನಮಗೆ ಸಾಲುತ್ತಿಲ್ಲ.

ಮುಂದಿನ ವಾರ್ಷಿಕ ಸಭೆಯಲ್ಲಿ ನಾನು ಬೈಲಾಕ್ಕೆ ತಿದ್ದುಪಡಿ ಮಂಡಿಸುತ್ತಿದ್ದೇನೆ. ಅಧ್ಯಕ್ಷರ ಅವಧಿ ಮೂರು ವರ್ಷ, ಸತತವಾಗಿ ಎರಡು ಅವಧಿಗಿಂತ ಹೆಚ್ಚಿಲ್ಲ. ಇಳಿದವರು ಒಂದು ಪೂರ್ತಿ ಮಳೆಗಾಲ ಹೊಸಬರ ಜತೆ ಇರಬೇಕು, ಮತ ಹಾಕುವ ಹಕ್ಕಿಲ್ಲದೆ. ಟ್ರಸ್ಟಿಗಳಲ್ಲಿ ಅರ್ಧದಷ್ಟು ಜನ ಹಳೇ ಊರಿನವರು, ಅದರಲ್ಲಿ ಒಂದು ಸ್ಥಾನ ಮೀನು ಹಿಡಿಯುವವರಿಗೆ. ಗೇಟು ಎತ್ತಿದ್ದು, ಇಳಿಸಿದ್ದು, ಚರಂಡಿ ಕಟ್ಟಿಕೊಂಡಿದ್ದು, ಯಾರಿಗೆ ಫೋನ್ ಮಾಡಿದ್ದು ಎಲ್ಲವೂ ಒಂದು ಪುಸ್ತಕದಲ್ಲಿ ಕನ್ನಡದಲ್ಲೇ ದಾಖಲಾಗಬೇಕು. ಸಭೆಯ ಹೊತ್ತನ್ನೂ ಬದಲಾಯಿಸೋಣ ಅಂತ ಕೇಳಿದ್ದೇನೆ. ಸಂಜೆ ಆರಕ್ಕೆ ಇಟ್ಟರೆ ಹಾಲು ಕರೆಯುವ ಮನೆಗಳಿಂದ ಯಾರೂ ಬರಲಾಗದು, ಬೆಳಗ್ಗೆ ಹನ್ನೊಂದಕ್ಕೆ ಇಡಿ. ಒಪ್ಪದವರು ಗ್ರೂಪಿನಲ್ಲಿ ಗೊಣಗುವ ಬದಲು ಅಲ್ಲಿಗೆ ಬಂದು ಅಕ್ಕನ ಎದುರಿಗೇ ಹೇಳಿ. ಅವರು ಕೇಳಿಸಿಕೊಳ್ಳುತ್ತಾರೆ.