ಏಳು ಆಯುಧ, ಒಂದು ಹಲ್ಲುಕಡ್ಡಿ

ಮೊನ್ನೆ ಮೂರನೇ ಸಲ ಕಳೆದುಕೊಂಡೆ.

ಏರ್‌ಪೋರ್ಟಿನ ತಪಾಸಣೆ. ಬೆಲ್ಟ್ ಬಿಚ್ಚಿ, ಪರ್ಸ್ ತೆಗೆದು, ಬಾಟಲಿಯ ನೀರನ್ನೆಲ್ಲ ಗಟಗಟ ಕುಡಿದು, ಒಳ್ಳೆಯ ಹುಡುಗನ ಹಾಗೆ ಎರಡೂ ಕೈ ಅಗಲಿಸಿ ನಿಂತಿದ್ದೆ. ಎಲ್ಲರ ಟ್ರೇ ಬಂತು, ನನ್ನದು ಮಾತ್ರ ಬರಲಿಲ್ಲ. ಆ ಕಡೆ ನೋಡಿದರೆ ಸಿಬ್ಬಂದಿಯೊಬ್ಬರು ನನ್ನ ಕೀ ಬಂಚನ್ನು ಸತ್ತ ಹಲ್ಲಿ ಹಿಡಿದ ಹಾಗೆ ಎರಡೇ ಬೆರಳಲ್ಲಿ ಎತ್ತಿ ಹಿಡಿದಿದ್ದರು.

"ಇದು ಯಾರದ್ದು?"

"ನಂದೇ."

"ಇದ್ರಲ್ಲಿ ಚಾಕು ಇದೆ."

"ಇದೆ ಸರ್, ಆದ್ರೆ ಅದು ಅಂಥ ಚಾಕು ಅಲ್ಲ."

ಎಂಥ ಚಾಕು ಅಂತ ಅವರು ಕೇಳಲಿಲ್ಲ. ಕೇಳಿದ್ದರೆ ನನ್ನ ಹತ್ತಿರ ಉತ್ತರ ತಯಾರಿತ್ತು. ಮಡಚಿದಾಗ ಉದ್ದ 58 ಮಿಲಿಮೀಟರ್. ತೂಕ ಸುಮಾರು 21 ಗ್ರಾಂ. ಬ್ಲೇಡು, ಕತ್ತರಿ, ಉಗುರು ಉಜ್ಜುವ ಅರ, ಅರದ ತುದಿಯಲ್ಲೇ ಸ್ಕ್ರೂಡ್ರೈವರ್, ಚಿಮುಟ, ಹಲ್ಲುಕಡ್ಡಿ. ಕೀ ಹಾಕುವ ಬಳೆಯನ್ನೂ ಸೇರಿಸಿ ಒಟ್ಟು ಏಳು ಉಪಯೋಗ ಅಂತ ಕಂಪನಿಯವರೇ ಲೆಕ್ಕ ಕೊಡುತ್ತಾರೆ. ಬಳೆಯನ್ನೂ ಲೆಕ್ಕಕ್ಕೆ ಹಿಡಿದಿದ್ದಾರೆ ಅಂದಮೇಲೆ ಅದರ ಭಯಂಕರತೆ ಎಷ್ಟಿರಬಹುದು ಅಂತ ನೀವೇ ಊಹಿಸಿ.

"ತೆಗೆದು ಡಬ್ಬಕ್ಕೆ ಹಾಕಿ" ಅಂದರು. ಚೆಕ್-ಇನ್ ಬ್ಯಾಗಿನಲ್ಲಿಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ಆ ಬ್ಯಾಗು ಆಗಲೇ ವಿಮಾನದ ಹೊಟ್ಟೆ ಸೇರಿತ್ತು. ತೆಗೆಯೋಣ ಅಂದರೆ ಆ ಎರಡು ಸುತ್ತಿನ ಉಕ್ಕಿನ ಬಳೆ ಉಗುರಿಗೆ ಬಗ್ಗುತ್ತಾ? ಅದರ ಸಂದಿಗೆ ಚಪ್ಪಟೆಯಾದದ್ದು ಏನಾದರೂ ತೂರಿಸಬೇಕು. ಚಪ್ಪಟೆಯಾದದ್ದು ಆ ಚಾಕುವಿನಲ್ಲೇ ಇತ್ತು. ಅದನ್ನು ಬಿಚ್ಚಿದರೆ ಭದ್ರತಾ ಸಿಬ್ಬಂದಿಯ ಎದುರು ಚಾಕು ತೆಗೆದ ಹಾಗಾಗುತ್ತದೆ. ಹಿಂದೆ ಸಾಲು ಬೆಳೆಯುತ್ತಿತ್ತು. ಕೊನೆಗೆ ಹಲ್ಲಿನಿಂದ ಕಚ್ಚಿ ಬಿಡಿಸಿದೆ. ಉಗುರೊಂದು ಅರ್ಧಕ್ಕೆ ಹೋಯಿತು. ಡಬ್ಬದಲ್ಲಿ ನನ್ನದರ ಹಾಗೇ ಇರುವ ನಾಲ್ಕೈದು ಕೆಂಪು ಚಾಕುಗಳು ಮಲಗಿದ್ದವು. ಬೆಲ್ಟ್ ಇಲ್ಲದ ಪ್ಯಾಂಟನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಅವುಗಳ ಮಾಲೀಕರನ್ನೆಲ್ಲ ಒಂದು ಕ್ಷಣ ನೆನೆದೆ.

2013ರಲ್ಲಿ ಅಮೆರಿಕದ ವಿಮಾನ ಭದ್ರತಾ ಇಲಾಖೆ, ಸುಮಾರು ಆರು ಸೆಂಟಿಮೀಟರಿಗಿಂತ ಚಿಕ್ಕ ಬ್ಲೇಡಿನ ಚಾಕುಗಳನ್ನು ಒಳಗೆ ಬಿಡುತ್ತೇವೆ ಅಂತ ಮಾರ್ಚಿನಲ್ಲಿ ಹೇಳಿತ್ತು. ವಿಮಾನದ ಸಿಬ್ಬಂದಿ ಜೋರಾಗಿ ವಿರೋಧಿಸಿದರು. ಜೂನಿನಲ್ಲಿ ಆ ಯೋಚನೆ ಕೈಬಿಟ್ಟರು. ಅವರ ಭಯ ಸುಳ್ಳು ಅಂತ ನಾನು ಹೇಳಲಾರೆ. ಆದರೆ ಆ ಮೂರು ತಿಂಗಳು ಕೀ ಬಂಚಿನವರೆಲ್ಲ ಎಷ್ಟು ಆಸೆಪಟ್ಟಿರಬೇಕು!

ಊರಿಗೆ ವಾಪಸ್ ಬಂದು ಆಫೀಸಿನಲ್ಲಿ ಈ ಕಥೆ ಹೇಳಿದೆ. ಎಲ್ಲರೂ ನಕ್ಕರು. ಪಕ್ಕದ ಸೀಟಿನವರು ಮಾತ್ರ ನಗಲಿಲ್ಲ. ಮುಖ ಸಣ್ಣ ಮಾಡಿಕೊಂಡು, "ಅಯ್ಯೋ, ಹಾಗಾದ್ರೆ ನನ್ನ ಕಡ್ಡಿ?" ಅಂದರು.

"ನನ್ನ" ಅಂದರು. ಇಲ್ಲಿ ಸ್ವಲ್ಪ ನಿಂತು, ಈ ವಿಷಯವನ್ನು ವಿವರವಾಗಿ ಹೇಳಲೇಬೇಕು.

ನಾನು ಆ ಆಫೀಸಿಗೆ ಸೇರಿದ ಹೊಸತರಲ್ಲಿ ಪಕ್ಕದ ಸೀಟಿನವರು ದಿನಾ ಮಧ್ಯಾಹ್ನ ಊಟ ಆದಮೇಲೆ, "ಒಂದ್ನಿಮಿಷ ನಿಮ್ಮ ಚಾಕು ಕೊಡ್ತೀರಾ?" ಅಂತ ಕೇಳುತ್ತಿದ್ದರು. ನನಗೆ ಖುಷಿ. ಚಾಕು ಇಟ್ಟುಕೊಂಡವರಿಗೆ ಅದನ್ನು ಯಾರಾದರೂ ಕೇಳುವುದಕ್ಕಿಂತ ದೊಡ್ಡ ಸುಖ ಇಲ್ಲ. ನಾವು ಇಟ್ಟುಕೊಳ್ಳುವುದೇ ಅದಕ್ಕೆ. ಯಾರೋ ಪಾರ್ಸೆಲ್ಲಿನ ಟೇಪನ್ನು ಉಗುರಿನಿಂದ ಕೆರೆಯುವುದು ಕಂಡರೆ ಸಾಕು, ನಮ್ಮ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ಹಾಗಾಗಿ ಕೇಳಿದ ಕೂಡಲೇ ಕೊಡುತ್ತಿದ್ದೆ. ಅವರು ಎದ್ದು ಎಲ್ಲಿಗೋ ಹೋಗಿ ಐದು ನಿಮಿಷದಲ್ಲಿ ಬಂದು, "ಥ್ಯಾಂಕ್ಸ್" ಅಂತ ಟೇಬಲ್ಲಿನ ಮೇಲೆ ಇಡುತ್ತಿದ್ದರು. ಇವರಿಗೆ ದಿನಾ ಏನಪ್ಪಾ ಪಾರ್ಸೆಲ್ ಬರುತ್ತೆ ಅಂತ ಆಗಾಗ ಅನ್ನಿಸಿದ್ದುಂಟು. ಕೇಳುವುದು ಸಭ್ಯತೆ ಅಲ್ಲ ಅಂತ ಸುಮ್ಮನಿದ್ದೆ.

ಎಂಟು ತಿಂಗಳು ಸುಮ್ಮನಿದ್ದೆ.

ಒಂದು ದಿನ ಕೈ ತೊಳೆಯಲು ಹೋದಾಗ ಕನ್ನಡಿಯಲ್ಲಿ ಕಂಡರು. ಬಾಯಿ ಆ ಅಂತ ತೆರೆದು, ತಲೆ ಹಿಂದಕ್ಕೆ ವಾಲಿಸಿ, ಬಲಗಡೆ ಒಳದವಡೆಯಲ್ಲಿ ಭಾರೀ ಸಂಶೋಧನೆ ನಡೆಸುತ್ತಿದ್ದರು. ಕೈಯಲ್ಲಿ ನನ್ನ ಚಾಕುವಿನ ಹಲ್ಲುಕಡ್ಡಿ. ಕೆಲಸ ಮುಗಿಯಿತು. ಕಡ್ಡಿಯನ್ನು ಕರ್ಚೀಫಿನಿಂದ ಒರೆಸಿದರು. ಬೆಳಕಿಗೆ ಹಿಡಿದು ಒಮ್ಮೆ ನೋಡಿದರು. ಆಮೇಲೆ ಚಾಕುವಿನ ಸೀಳಿನೊಳಗೆ ಮೆತ್ತಗೆ ತಳ್ಳಿ ಟಕ್ ಅನ್ನಿಸಿದರು. ಅಷ್ಟು ಶಿಸ್ತು! ನನ್ನನ್ನು ನೋಡಿ ನಕ್ಕು, "ಒಳ್ಳೇ ಐಟಮ್ಮು ಕಣ್ರೀ ಇದು" ಅಂತ ಕೈಗೇ ಕೊಟ್ಟು ಹೋದರು.

ನಾನು ಅಲ್ಲೇ ನಿಂತು ಲೆಕ್ಕ ಹಾಕಿದೆ. ಎಂಟು ತಿಂಗಳು. ವಾರಕ್ಕೆ ಐದು ದಿನ. ಆ ಎಂಟು ತಿಂಗಳಲ್ಲಿ ಅದೇ ಕಡ್ಡಿಯನ್ನು ನಾನೂ ಎರಡು ಸಲ ಬಳಸಿದ್ದೆ.

ಇದರ ಬಗ್ಗೆ ಜಾಸ್ತಿ ಬರೆಯಲಾರೆ.

ಆ ಕಡ್ಡಿ ಬಿಡಿಯಾಗಿಯೂ ಸಿಗುತ್ತದೆ. ಕಳೆದುಕೊಳ್ಳುವವರು ಅಷ್ಟು ಜನ ಇದ್ದಾರೆ. ಹೊಸದು ತರಿಸಿ ಹಾಕಿದೆ. ಮಾರನೇ ದಿನ ಪಕ್ಕದ ಸೀಟಿನವರು ಚಾಕು ವಾಪಸ್ ಕೊಡುವಾಗ ಮುಖ ಕಿವಿಚಿದರು. "ಕಡ್ಡಿ ಬದಲಾಯಿಸಿದ್ರಾ? ಹಳೇದೇ ಚೆನ್ನಾಗಿತ್ತು. ಸ್ವಲ್ಪ ಬಾಗಿತ್ತಲ್ವಾ, ಹಿಂದಿನ ಹಲ್ಲಿಗೆ ಸರಿಯಾಗಿ ಹೋಗ್ತಿತ್ತು." ಮರದ ಹಲ್ಲುಕಡ್ಡಿಗಳ ಒಂದು ಡಬ್ಬಿಯನ್ನೇ ತಂದು ಅವರ ಟೇಬಲ್ಲಿನ ಮೇಲೆ ಇಟ್ಟೆ. "ಬೇಡಪ್ಪಾ, ಅದು ಮುರಿದು ಒಳಗೇ ಉಳ್ಕೊಳುತ್ತೆ. ನಿಮ್ಮದು ಬಳುಕುತ್ತೆ" ಅಂದರು. ಚಾಕು ಮನೆಯಲ್ಲಿ ಮರೆತು ಬಂದೆ ಅಂತ ಸುಳ್ಳು ಹೇಳಿದರೆ, "ಕೀ ಎಲ್ಲಿಟ್ಟಿದ್ದೀರಿ ಹಾಗಾದ್ರೆ?" ಅಂತ ನಿಜವಾದ ಕಾಳಜಿಯಿಂದ ಕೇಳಿದರು. ಹೀಗೇ ಹೋಗಿ ಹೋಗಿ, ಒಂದು ದಿನ ಮೇಲಿನ ಮಹಡಿಗೆ ಹೊಸದಾಗಿ ಸೇರಿದ ಹುಡುಗನೊಬ್ಬ ನನ್ನನ್ನು ಹುಡುಕಿಕೊಂಡು ಬಂದ. ಪಾಪ, ತುಂಬ ವಿನಯ. "ಸರ್, ಹಲ್ಲುಕಡ್ಡಿ ಇಟ್ಟಿರೋದು ನೀವೇ ಅಲ್ವಾ?"

ಅದಕ್ಕೇ ಹೇಳಿದ್ದು. ಏರ್‌ಪೋರ್ಟಿನ ಡಬ್ಬಕ್ಕೆ ಚಾಕು ಹಾಕುವಾಗ ಹೊಟ್ಟೆ ಉರಿದದ್ದು ನಿಜ. ಆದರೆ ಮನಸ್ಸಿನ ಒಂದು ಮೂಲೆಯಲ್ಲಿ, ತಗೊಳ್ಳಿ, ಆ ಕಡ್ಡಿಯನ್ನೂ ತಗೊಳ್ಳಿ ಅಂತ ಸಣ್ಣ ನಿರಾಳವೂ ಆಗಿತ್ತು.

ಸರಿ, ಈಗ ಹೊಸದು ಬೇಕು. ಒಂದು ವಾರದಿಂದ ರಾತ್ರಿ ಊಟ ಆದಮೇಲೆ ಅದೇ ಕೆಲಸ. ನೋಡುತ್ತಾ ಹೋದಂತೆ ತಲೆ ಕೆಡುತ್ತದೆ. ಈ ಹುಚ್ಚು ಇವತ್ತಿನದಲ್ಲ. ಕೇಂಬ್ರಿಡ್ಜಿನ ಫಿಟ್ಜ್‌ವಿಲಿಯಂ ಮ್ಯೂಸಿಯಮ್ಮಿನಲ್ಲಿ ರೋಮನ್ನರ ಕಾಲದ, ಸುಮಾರು 1,700 ವರ್ಷ ಹಳೆಯ, ಬೆಳ್ಳಿಯ ಮಡಚುವ ಉಪಕರಣ ಒಂದಿದೆ. ಚಮಚ, ಮುಳ್ಳುಚಮಚ, ಚಾಕು, ಮೊನೆ, ಕಡ್ಡಿ ಎಲ್ಲ ಒಂದಕ್ಕೊಂದು ಅಂಟಿಕೊಂಡಿವೆ. ಅದರ ಫೋಟೋ ನೋಡಿದಾಗ ನನಗೆ ಇತಿಹಾಸ ನೆನಪಾಗಲಿಲ್ಲ. ಆ ರೋಮನ್ನನ ಪಕ್ಕದ ಸೀಟಿನಲ್ಲಿ ಯಾರಿದ್ದರೋ ಅಂತ ಅನ್ನಿಸಿತು.

ನನ್ನ ಕಳೆದುಹೋದ ಚಾಕುವಿನ ಮುತ್ತಜ್ಜ ಹುಟ್ಟಿದ್ದು ಸ್ವಿಟ್ಜರ್ಲೆಂಡಿನಲ್ಲಿ. ಕಾರ್ಲ್ ಎಲ್ಸೆನರ್ ಎಂಬಾತ 1891ರಲ್ಲಿ ಅಲ್ಲಿನ ಸೈನಿಕರಿಗೆ ಚಾಕು ಮಾಡಿಕೊಟ್ಟ. ಬಂದೂಕು ಬಿಚ್ಚಬೇಕು, ಡಬ್ಬಿ ತೆರೆಯಬೇಕು, ಅಷ್ಟೇ ಅದರ ಕೆಲಸ. 1897ರಲ್ಲಿ ಅಧಿಕಾರಿಗಳಿಗೆ ಅಂತ ಇನ್ನೊಂದು ಹಗುರವಾದದ್ದು ಬಂತು. ಅದರಲ್ಲಿ ಬಾಟಲಿಯ ಬಿರಡೆ ಎಳೆಯುವ ಸುರುಳಿ ಇತ್ತು. ಸೈನಿಕನಿಗೆ ಬಂದೂಕು, ಅಧಿಕಾರಿಗೆ ಬಾಟಲಿ. ಎಲ್ಲ ಆಫೀಸುಗಳೂ ಒಂದೇ.

ಇನ್ನೊಂದು ಜಾತಿ, ಮಧ್ಯದಲ್ಲಿ ಇಕ್ಕಳ ಇರುವ ಮಲ್ಟಿಟೂಲ್. ಟಿಮ್ ಲೆದರ್‌ಮನ್ ಎಂಬ ಅಮೆರಿಕದವನು 1975ರಲ್ಲಿ ಹೆಂಡತಿಯ ಜೊತೆ ಹಳೇ ಕಾರಿನಲ್ಲಿ ಯುರೋಪು ಸುತ್ತುತ್ತಿದ್ದ. ಕಾರೂ ಕೆಡುತ್ತಿತ್ತು, ಹೋಟೆಲಿನ ನಲ್ಲಿಯೂ ಸೋರುತ್ತಿತ್ತು. ಜೇಬಿನಲ್ಲಿ ಚಾಕು ಇತ್ತು, ಆದರೆ ಇಕ್ಕಳ ಇರಲಿಲ್ಲ. ಅಲ್ಲಿ ಹುಟ್ಟಿದ ಯೋಚನೆ ಅಂಗಡಿಗೆ ಬರಲು 1983 ಆಯಿತು. ಆ ಎಂಟು ವರ್ಷ ಅವನ ಹೆಂಡತಿಯ ತಾಳ್ಮೆ ದೊಡ್ಡದು. ಇಕ್ಕಳ ಒಳ್ಳೆಯದೇ, ಆದರೆ ದೊಡ್ಡ ಮಲ್ಟಿಟೂಲುಗಳು ಕಾಲು ಕೆಜಿಯ ಹತ್ತಿರ ತೂಗುತ್ತವೆ. ಅದನ್ನು ಕೀ ಬಂಚಿಗೆ ಹಾಕಿದರೆ ಪ್ಯಾಂಟನ್ನು ಬೆಲ್ಟ್ ಅಲ್ಲ, ದೇವರೇ ಹಿಡಿದುಕೊಳ್ಳಬೇಕು. ಇನ್ನೂ ಆಸೆ ಇದ್ದರೆ ವೆಂಗರ್ ಕಂಪನಿ ಮಾಡಿದ ದೈತ್ಯ ಚಾಕು ಇದೆ. 87 ಉಪಕರಣ, 141 ಉಪಯೋಗ. ಅದನ್ನು ಚಾಕು ಅನ್ನುವುದಕ್ಕಿಂತ ಅಂಗಡಿ ಅನ್ನಬಹುದು.

ಇಷ್ಟೆಲ್ಲ ನೋಡುತ್ತಿದ್ದಾಗ ಹೆಂಡತಿ ಬಂದು ಇಣುಕಿದಳು. "ರೀ, ಕಳೆದ ವರ್ಷ ಆ ಚಾಕುವಿನಲ್ಲಿ ನೀವು ನಿಜವಾಗ್ಲೂ ಏನು ಮಾಡಿದ್ರಿ, ಹೇಳಿ?"

ಪ್ರಾಮಾಣಿಕವಾಗಿ ನೆನಪಿಸಿಕೊಂಡೆ. ಅಂಗಿಯ ಬಿಟ್ಟ ದಾರ ಕತ್ತರಿಸಿದೆ. ಹೊಸ ಬಟ್ಟೆಯ ಟ್ಯಾಗು ತೆಗೆದೆ. ಒಮ್ಮೆ ಚಿಮುಟದಿಂದ ಮಗಳ ಬೆರಳಿನ ಸಿಬಿರು ಕಿತ್ತೆ. ಅದೊಂದೇ ವರ್ಷದ ಸಾಹಸ. ಸ್ಕ್ರೂಡ್ರೈವರ್ ಹಾಕಿದ್ದು ಒಂದೇ ಸಲ, ಆಟಿಕೆಯ ಬ್ಯಾಟರಿ ಮುಚ್ಚಳಕ್ಕೆ. ಆ ಸ್ಕ್ರೂ ಇವತ್ತಿಗೂ ಮುಕ್ಕಾಲು ಮಾತ್ರ ತಿರುಗಿದ ಸ್ಥಿತಿಯಲ್ಲಿದೆ. ಉಳಿದದ್ದೆಲ್ಲ ಪಾರ್ಸೆಲ್.

"ಪಾರ್ಸೆಲ್ಲೂ ನೀವು ತೆಗೆದಿಲ್ಲ" ಅಂದಳು.

ಅದೂ ನಿಜ. ನಮ್ಮ ಮನೆಯಲ್ಲಿ ಪಾರ್ಸೆಲ್ ಬಂದರೆ ನಡೆಯುವುದು ಹೀಗೆ. ನಾನು "ತಡಿ, ತಡಿ" ಅಂತ ಕೀ ಬಂಚು ತೆಗೆಯುತ್ತೇನೆ. ಈ ಸಣ್ಣ ಚಾಕುಗಳ ಬ್ಲೇಡಿನ ಮೇಲೆ ಉಗುರು ಸಿಕ್ಕಿಸಿ ಎಳೆಯಲು ಒಂದು ಗೀರು ಇರುತ್ತದೆ. ಆ ಗೀರಿಗೆ ಉಗುರು ಬೇಕು. ನಾನು ಭಾನುವಾರ ಉಗುರು ಕತ್ತರಿಸುತ್ತೇನೆ, ಅದೂ ಅದೇ ಚಾಕುವಿನ ಕತ್ತರಿಯಿಂದ. ಹಾಗಾಗಿ ಬುಧವಾರದವರೆಗೆ ಬ್ಲೇಡು ಬಂದ್. ಗುರುವಾರ ಪ್ರಯತ್ನಪಟ್ಟರೆ ಮೊದಲು ಅರ ಬರುತ್ತದೆ. ಅದನ್ನು ಮಡಚಿದರೆ ಕತ್ತರಿ ಬರುತ್ತದೆ, ಅದರ ಸ್ಪ್ರಿಂಗು ಹಾರುತ್ತದೆ. ಅಷ್ಟರಲ್ಲಿ ಅವಳು ಮನೆಯ ಬೀಗದ ಕೈಯನ್ನು ಟೇಪಿನ ಮೇಲೆ ಸರ್‍ರನೆ ಎಳೆದು, ಪೆಟ್ಟಿಗೆ ಬಿಚ್ಚಿ, ಒಳಗಿನದ್ದು ಅಳತೆ ಸರಿಯಿಲ್ಲ ಅಂತ ವಾಪಸ್ ಕಳಿಸಲು ಟೇಪು ಹುಡುಕುತ್ತಿರುತ್ತಾಳೆ.

ಉಗುರೇ ಬೇಡದ, ಒಂದೇ ಕೈಯಲ್ಲಿ ಟಕ್ಕನೆ ತೆರೆದು ಲಾಕ್ ಆಗುವ ಚಾಕುಗಳೂ ಇವೆ. ಅಂಗಡಿಯಲ್ಲಿ ಒಂದನ್ನು ಕೈಗೆತ್ತಿಕೊಂಡು ನೋಡಿದೆ. ಆ ಸದ್ದಿಗೆ ಅಕ್ಕಪಕ್ಕದವರೆಲ್ಲ ಎರಡು ಹೆಜ್ಜೆ ಹಿಂದೆ ಸರಿದರು. ಲಾಕ್ ಇದ್ದರೆ ಬ್ಲೇಡು ಬೆರಳ ಮೇಲೆ ಮಡಚಿಕೊಳ್ಳುವುದಿಲ್ಲ, ಅದು ಒಳ್ಳೆಯದು. ಆದರೆ ಬ್ರಿಟನ್ನಿನಂಥ ಕಡೆ ಕಾನೂನು ಉಲ್ಟಾ. ಲಾಕ್ ಇಲ್ಲದ, ಮೂರು ಇಂಚಿನೊಳಗಿನ ಮಡಚುವ ಚಾಕುವಾದರೆ ಸುಮ್ನೆ ಇಟ್ಟುಕೊಳ್ಳಬಹುದು. ಲಾಕ್ ಬಂತೋ, ಯಾಕೆ ಇಟ್ಟುಕೊಂಡಿದ್ದೀ ಅಂತ ಕಾರಣ ಹೇಳಬೇಕು. ನನ್ನ ಬೆರಳಿಗೆ ಒಳ್ಳೆಯದು ಅಂದರೆ ಪೊಲೀಸರು ಒಪ್ಪುತ್ತಾರಾ?

ಅಪ್ಪನ ಹತ್ತಿರ ಒಂದು ಚಾಕು ಇತ್ತು. ಒಂದೇ ಬ್ಲೇಡು, ಮರದ ಹಿಡಿ. ಸಾಣೆ ಹಿಡಿದೂ ಹಿಡಿದೂ ಬ್ಲೇಡಿನ ಅಗಲ ಅರ್ಧಕ್ಕೆ ಇಳಿದಿತ್ತು. ಶಾಲೆ ಶುರುವಾಗುವ ಹಿಂದಿನ ರಾತ್ರಿ ನಾವೆಲ್ಲ ಪೆನ್ಸಿಲ್ ಹಿಡಿದು ಸಾಲಾಗಿ ಕೂರುತ್ತಿದ್ದೆವು. ಅಪ್ಪ ಒಂದೊಂದನ್ನೇ ಹೆರೆದು, ಮೊನೆಯನ್ನು ಹೆಬ್ಬೆರಳಿಗೆ ಒತ್ತಿ ನೋಡಿ ಕೊಡುತ್ತಿದ್ದರು. ಚಾಕು ಮಾತ್ರ ಯಾರ ಕೈಗೂ ಕೊಡುತ್ತಿರಲಿಲ್ಲ. "ಕೊಯ್ಕೊಳ್ತೀಯಾ, ಏನು ಬೇಕು ಹೇಳು, ನಾನೇ ಮಾಡಿಕೊಡ್ತೀನಿ." ನನಗೆ ಮೀಸೆ ಬಂದಮೇಲೂ ಅದೇ ಮಾತು. ಅವರ ಕೊನೆಯ ವರ್ಷಗಳಲ್ಲಿ ಒಂದು ದಿನ ಪೇಪರ್ ಓದುತ್ತಾ ಕೂತಿದ್ದೆ. ಅಪ್ಪ ಒಂದು ಕವರು ಹಿಡಿದುಕೊಂಡು ಬಂದು, ಚಾಕುವನ್ನು ನನ್ನ ಮುಂದೆ ಚಾಚಿದರು. "ಇದೊಂಚೂರು ಬಿಚ್ಚಿಕೊಡು. ಉಗುರು ಹಿಡೀತಿಲ್ಲ." ಬಿಚ್ಚಿಕೊಟ್ಟೆ. ಕವರನ್ನು ಅವರೇ ಕೊಯ್ದುಕೊಂಡರು.

ಆ ಚಾಕು ನನ್ನ ಮೇಜಿನ ಡ್ರಾಯರಿನಲ್ಲಿದೆ. ಅದನ್ನು ನಾನು ಏರ್‌ಪೋರ್ಟಿಗೆ ಒಯ್ಯುವುದಿಲ್ಲ. ಆಫೀಸಿಗಂತೂ ಇಲ್ಲವೇ ಇಲ್ಲ.

ಕೊನೆಗೆ ಮೊನ್ನೆ ಶನಿವಾರ ತೀರ್ಮಾನ ಮಾಡಿದೆ. ಬ್ಲೇಡೇ ಇಲ್ಲದ, ಬರೀ ಇಕ್ಕಳ ಕತ್ತರಿ ಇರುವ ಒಂದು ಮಾದರಿ ಇತ್ತು. ವಿಮಾನಕ್ಕೆ ಅಂತಲೇ ಮಾಡಿದ್ದಂತೆ. ಆದರೆ ಬ್ಲೇಡು ಇಲ್ಲದ ಚಾಕು ಇಟ್ಟುಕೊಂಡು ತಿರುಗಲು ಮನಸ್ಸು ಬರಲಿಲ್ಲ. ಮತ್ತೆ ಅದೇ 58 ಮಿಲಿಮೀಟರಿಗೇ ಬಂದೆ. ಆದರೆ ಈ ಸಲ ಹುಷಾರಾಗಿ ಆರಿಸಿದ್ದೇನೆ. ಇದರಲ್ಲಿ ಹಲ್ಲುಕಡ್ಡಿ ಇಲ್ಲ. ಕಡ್ಡಿ ಇರಬೇಕಾದ ಕಡೆ ಒಂದು ಪುಟ್ಟ ಬಾಲ್ ಪೆನ್ ಇದೆ. ಗುಂಡಿ ಜಾರಿಸಿದರೆ ತುದಿ ಹೊರಗೆ ಬರುತ್ತದೆ. ಎಷ್ಟು ಸಭ್ಯವಾದ ವಸ್ತು! ಸೋಮವಾರ ಗೆದ್ದವನ ಹಾಗೆ ಆಫೀಸಿಗೆ ಹೋಗಿ, ಎಲ್ಲರಿಗೂ ಕಾಣುವಂತೆ ಕೀ ಬಂಚನ್ನು ಟೇಬಲ್ಲಿನ ಮೇಲಿಟ್ಟೆ.

ಊಟ ಆದಮೇಲೆ ಪಕ್ಕದ ಸೀಟಿನವರು ಎತ್ತಿಕೊಂಡರು. ತಿರುಗಿಸಿ ಮುರುಗಿಸಿ ನೋಡಿದರು. ಸೀಳಿನಲ್ಲಿ ಉಗುರು ಹಾಕಿ ಹುಡುಕಿದರು. "ಕಡ್ಡಿ ಇಲ್ವಲ್ರೀ?"

"ಇಲ್ಲ" ಅಂದೆ. "ಪೆನ್ ಇದೆ."

"ಹೌದಾ?" ಅಂದವರು ಗುಂಡಿ ಜಾರಿಸಿದರು. ಪೆನ್ನಿನ ತುದಿ ಹೊರಗೆ ಬಂತು. ಮುಂದಿದ್ದ ಕಾಗದದ ಮೇಲೆ ಸಣ್ಣದಾಗಿ ಒಂದು ಗೆರೆ ಎಳೆದರು. "ಪರವಾಗಿಲ್ಲ, ನುಣುಪಾಗಿದೆ" ಅಂದರು. ತುದಿಯನ್ನು ಒಳಗೆ ಎಳೆದುಕೊಂಡು, ಹಾಗೇ ಕುರ್ಚಿಗೆ ಒರಗಿ, ಕಣ್ಣು ಅರೆಮುಚ್ಚಿ, ನನ್ನ ಹೊಸ ಚಾಕುವಿನ ಆ ಕಡೆಯ ಮೂಲೆಯನ್ನು ಮೆಲ್ಲಗೆ ಎಡಗಿವಿಯೊಳಗೆ ಹಾಕಿಕೊಂಡರು.