ಅರ್ಧ ದಿನದ ಕೆಲಸ ಸಿಕ್ಕರೆ ಯುವನಿಧಿ ಯಾಕೆ ಪೂರ್ತಿ ಹೋಗಬೇಕು?

ಊರಿನ ಹುಡುಗನೊಬ್ಬ ವಾಟ್ಸಾಪ್‌ನಲ್ಲಿ ಕೇಳಿದ ಪ್ರಶ್ನೆ ಇಷ್ಟೇ: "ಮಾಮ, ಬಟ್ಟೆ ಅಂಗಡೀಲಿ ಬಿಲ್ಲಿಂಗ್‌ಗೆ ಕರೀತಿದ್ದಾರೆ, ಸಂಜೆ ಹೊತ್ತು ಮಾತ್ರ, ತಿಂಗಳಿಗೆ ನಾಲ್ಕು ಸಾವಿರ. ಹೋದ್ರೆ ಯುವನಿಧಿ ನಿಂತೋಗತ್ತಾ?" ನಿಂತೋಗತ್ತೆ. ಯುವನಿಧಿ ಅಂದರೆ ಕೆಲಸ ಸಿಗದ ಪದವೀಧರರಿಗೆ, ಡಿಪ್ಲೊಮಾದವರಿಗೆ ಕರ್ನಾಟಕ ಸರ್ಕಾರ ಕೊಡುವ ನಿರುದ್ಯೋಗ ಭತ್ಯೆ. ಡಿಗ್ರಿ ಮುಗಿಸಿದ ಹುಡುಗ ಕೆಲಸಕ್ಕೆ ಹೋಗಬೇಕೋ ಬೇಡವೋ ಎಂದು ಲೆಕ್ಕ ಹಾಕುವ ಹಾಗೆ ಮಾಡಿರುವ ಈ ನಿಯಮ ನನ್ನನ್ನು ಚುಚ್ಚುತ್ತಲೇ ಇದೆ.

ಅವನ ಲೆಕ್ಕವನ್ನೇ ನೋಡಿ. ಪದವೀಧರನಿಗೆ ಯುವನಿಧಿ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಆದವರಿಗೆ 1,500. ನಾಲ್ಕು ಸಾವಿರದ ಕೆಲಸ ಹಿಡಿದರೆ ಮೂರು ಸಾವಿರ ಹೋಯಿತು. ತಿಂಗಳಿಡೀ ನಿಂತು ಬಿಲ್ ಹಾಕಿದ್ದಕ್ಕೆ ಉಳಿಯುವ ಲಾಭ ಒಂದೇ ಸಾವಿರ. ಬಸ್ಸಿನ ಖರ್ಚು, ಸಂಜೆಯ ಕಾಫಿ ತಿಂಡಿ ಕಳೆದರೆ ಅದೂ ಇಲ್ಲ. ಎರಡು ತಿಂಗಳಾದ ಮೇಲೆ ಅಂಗಡಿಯವರು ಸಾಕು ಅಂದರೆ? ಕೆಲಸ ಸಿಗುವವರೆಗೆ ಅಥವಾ ಎರಡು ವರ್ಷ ತುಂಬುವವರೆಗೆ, ಯಾವುದು ಮೊದಲೋ ಅಲ್ಲಿಗೆ ಭತ್ಯೆ ನಿಲ್ಲುತ್ತದೆ. ನಿಂತದ್ದು ಮತ್ತೆ ಶುರುವಾಗುತ್ತದೆಂಬ ಧೈರ್ಯ ಆ ಹುಡುಗನಿಗಿಲ್ಲ. ಹಾಗಾಗಿ ಒಂದೋ ಕೆಲಸ ಬೇಡ ಅನ್ನುತ್ತಾನೆ, ಇಲ್ಲವೇ ಕೈಗೆ ದುಡ್ಡು ಇಸಕೊಂಡು ಸುಮ್ಮನಿರುತ್ತಾನೆ. ಎರಡನೆಯದನ್ನು ಮಾಡಿದರೆ ಸ್ವಯಂ ಘೋಷಣೆಯಲ್ಲಿ ಸುಳ್ಳು ಬರೆದಂತೆ, ಸಿಕ್ಕಿಬಿದ್ದರೆ ದಂಡ.

ನಾನಿರುವ ಇಂಗ್ಲೆಂಡಿನಲ್ಲಿ ಕೆಲಸವಿಲ್ಲದವರಿಗೂ ಕಡಿಮೆ ಗಳಿಕೆಯವರಿಗೂ ಸರ್ಕಾರ ಕೊಡುವ ಭತ್ಯೆಗೆ ಯೂನಿವರ್ಸಲ್ ಕ್ರೆಡಿಟ್ ಅನ್ನುತ್ತಾರೆ. ಇದರ ಒಳಗಿನ ಯಂತ್ರ ಅರ್ಥವಾದರೆ ನಮ್ಮಲ್ಲಿ ಏನು ಕೆಟ್ಟಿದೆ ಎಂದು ಹೊಳೆಯುತ್ತದೆ. 25 ತುಂಬದ ಒಂಟಿ ವ್ಯಕ್ತಿಗೆ 2025-26ರ ಮೂಲ ದರ ತಿಂಗಳಿಗೆ 316.98 ಪೌಂಡ್. ದುಡಿದ ಪ್ರತಿ ಪೌಂಡಿಗೆ (ಅಂದರೆ ನೂರು ಪೆನ್ಸಿಗೆ) ಭತ್ಯೆಯಲ್ಲಿ 55 ಪೆನ್ಸ್ ಮಾತ್ರ ಕಡಿತ. 19 ವರ್ಷದ ಹುಡುಗನೊಬ್ಬ ಶನಿವಾರ, ಭಾನುವಾರ ಅಂಗಡಿಯಲ್ಲಿ ನಿಂತು ತಿಂಗಳಿಗೆ 30 ಗಂಟೆ ದುಡಿದ ಅನ್ನಿ. ಅವನ ವಯಸ್ಸಿಗೆ ಆ ವರ್ಷದ ಕನಿಷ್ಠ ಕೂಲಿ ಗಂಟೆಗೆ 10 ಪೌಂಡ್, ಅಂದರೆ 300 ಪೌಂಡ್ ಸಂಬಳ. ಭತ್ಯೆಯಲ್ಲಿ 165 ಕಡಿತವಾಗಿ 151.98 ಉಳಿಯುತ್ತದೆ. ಎರಡೂ ಸೇರಿ ಕೈಯಲ್ಲಿ 451.98. ಗಳಿಕೆ ಸುಮಾರು 576 ಪೌಂಡ್ ಮುಟ್ಟಿದಾಗ ಭತ್ಯೆ ತಾನಾಗಿ ಸೊನ್ನೆಗೆ ಇಳಿಯುತ್ತದೆ. ದುಡಿದರೆ ಕೈಗೆ ಬರುವ ಒಟ್ಟು ಹಣ ಇಲ್ಲಿ ಯಾವ ಹಂತದಲ್ಲೂ ಕಡಿಮೆಯಾಗುವುದಿಲ್ಲ.

ಇದಕ್ಕಾಗಿ ಹುಡುಗ ಯಾವ ಕಾಗದವನ್ನೂ ಕೊಡಬೇಕಾಗಿಲ್ಲ. ಸಂಬಳ ಕೊಡುವ ದಿನ ಅಥವಾ ಅದಕ್ಕೆ ಮುಂಚೆಯೇ ಮಾಲೀಕ ತೆರಿಗೆ ಇಲಾಖೆಗೆ ಮೊತ್ತ ಕಳಿಸಬೇಕು, ಅದೇ ಅಂಕಿ ಭತ್ಯೆಯ ಲೆಕ್ಕಕ್ಕೆ ಹೋಗುತ್ತದೆ. ಗಳಿಕೆ ಹೆಚ್ಚಾಗಿ ಭತ್ಯೆ ನಿಂತವನು ಆರು ತಿಂಗಳೊಳಗೆ ಕೆಲಸ ಕಳೆದುಕೊಂಡರೆ ಹಳೆಯ ಲೆಕ್ಕದ ತಾರೀಖುಗಳಲ್ಲೇ ಮತ್ತೆ ಸೇರಿಕೊಳ್ಳಬಹುದು. ಬಾಗಿಲು ಮುಚ್ಚುವುದಿಲ್ಲ ಎಂದು ಗೊತ್ತಿದ್ದವನು ಸಣ್ಣ ಕೆಲಸಕ್ಕೂ ಹೊರಡುತ್ತಾನೆ.

ನಮ್ಮಲ್ಲಿ ಅರ್ಹತೆಯ ಮೊದಲ ಮೆಟ್ಟಿಲೇ ಕಾಯುವುದು. ಪಾಸಾಗಿ 180 ದಿನ ಕೆಲಸವಿಲ್ಲದೆ ಇರಬೇಕು, ಆಮೇಲೆ ಸರ್ಕಾರದ ಸೇವಾ ಸಿಂಧು ಪೋರ್ಟಲ್ಲಿನಲ್ಲಿ ಅರ್ಜಿ. ಕೈಯಲ್ಲಿ ದುಡ್ಡಿಲ್ಲದೆ ಇಂಟರ್‌ವ್ಯೂಗೆ ಬೆಂಗಳೂರಿಗೆ ಓಡಾಡುವುದು ಆ ಮೊದಲ ಆರು ತಿಂಗಳಲ್ಲೇ. ಆಗ ಬಸ್ ಚಾರ್ಜಿಗೂ ಅಪ್ಪನ ಮುಖ ನೋಡಬೇಕು. ಮೇಲೆ ಕಾಗದಗಳ ಗೋಳು. ವಿಶ್ವವಿದ್ಯಾಲಯ ಪದವಿಯ ದಾಖಲೆಯನ್ನು ಎನ್‌ಎಡಿ ಎಂಬ ರಾಷ್ಟ್ರೀಯ ಆನ್‌ಲೈನ್ ಪ್ರಮಾಣಪತ್ರ ಭಂಡಾರಕ್ಕೆ ಹಾಕಿರಬೇಕು, ಹಾಕಿಲ್ಲದಿದ್ದರೆ ಅರ್ಜಿ ಮುಂದೆ ಹೋಗದು. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್ ಹಿಂದೆ, ಆಧಾರಿನಲ್ಲಿ ಅಪ್ಪನ ಹೆಸರು ಪೂರ್ತಿ ಮುಂದೆ, ಡಿಗ್ರಿಯಲ್ಲಿ ಇನಿಷಿಯಲ್ಲೇ ಇಲ್ಲ. ಮೂರೂ ಒಬ್ಬಳೇ ಹುಡುಗಿಯವು ಎಂದು ಸಾಬೀತು ಮಾಡುವ ಹೊಣೆ ಹುಡುಗಿಯದೇ. ಇದೆಲ್ಲ ದಾಟಿದರೂ ಡಿಬಿಟಿ (ನೇರ ವರ್ಗಾವಣೆ) ಹಣ ಹೋಗುವುದು ಆಧಾರ್‌ಗೆ ಕೊನೆಗೆ ಜೋಡಣೆಯಾದ ಬ್ಯಾಂಕ್ ಖಾತೆಗೆ. ಸ್ಕಾಲರ್‌ಶಿಪ್‌ಗೆಂದು ತೆರೆದು ಮರೆತ ಖಾತೆಯಲ್ಲಿ ಹಣ ಬಿದ್ದಿರುತ್ತದೆ, ಇತ್ತ ಹುಡುಗಿ ಬಂದಿಲ್ಲ ಎಂದು ಗ್ರಾಮ ಒನ್‌ಗೆ ಅಲೆಯುತ್ತಿರುತ್ತಾಳೆ. ಯೋಜನೆ ಶುರುವಾದಾಗ ಇದರ ಜೊತೆಗೆ ತಿಂಗಳು ತಿಂಗಳೂ 25ನೇ ತಾರೀಖಿನೊಳಗೆ ಕೆಲಸವಿಲ್ಲ, ಮುಂದೆ ಓದುತ್ತಿಲ್ಲ ಎಂದು ಘೋಷಿಸಬೇಕಿತ್ತು. ಒಂದು ತಿಂಗಳು ಮರೆತರೆ ಆ ತಿಂಗಳ ಹಣಕ್ಕೆ ಸಂಚಕಾರ.

ಸರಳ ಮಾಡಬೇಕೆಂದರೆ ಹೊಸ ಯೋಜನೆ ಬೇಡ, ಇರುವುದರಲ್ಲೇ ಮೂರು ಕಡೆ ಕೈ ಹಾಕಿದರೆ ಸಾಕು. 180 ದಿನ ತೆಗೆದು ಅರ್ಜಿ ಹಾಕಿದ ತಿಂಗಳಿಂದಲೇ ಕೊಡಲಿ. ಎರಡು ವರ್ಷವನ್ನು ಕ್ಯಾಲೆಂಡರಿನಿಂದ ಎಣಿಸದೆ ಹಣ ಕೊಟ್ಟ 24 ತಿಂಗಳೆಂದು ಎಣಿಸಲಿ, ನಡುವೆ ಕೆಲಸ ಸಿಕ್ಕರೆ ಎಣಿಕೆ ನಿಂತು ಆಮೇಲೆ ಮುಂದುವರಿಯಲಿ. ಮೂರನೆಯದೇ ನನಗೆ ಮುಖ್ಯ: ಅರ್ಧ ದಿನದ ಕೆಲಸಕ್ಕೆ ಇಳಿಕೆಯ ಲೆಕ್ಕ ಬರಲಿ. ಅದೇ 55 ಶೇಕಡಾ ಇಟ್ಟರೂ ಬಟ್ಟೆ ಅಂಗಡಿಯ ನಾಲ್ಕು ಸಾವಿರಕ್ಕೆ 2,200 ಕಡಿತವಾಗಿ 800 ಉಳಿಯುತ್ತದೆ, ಒಟ್ಟು 4,800. ಕೆಲಸದ ಲಾಭ ಸಾವಿರದ ಬದಲು 1,800. ಅವನು ಕೆಲಸ ಬೇಡ ಎಂದು ಪೂರ್ತಿ 3,000 ಪಡೆಯುವುದಕ್ಕೆ ಹೋಲಿಸಿದರೆ ಸರ್ಕಾರಕ್ಕೂ ಆ ತಿಂಗಳು 2,200 ಉಳಿತಾಯ.

ಇಂಗ್ಲೆಂಡಿನ ಯಂತ್ರವನ್ನು ಹಾಗೇ ಎತ್ತಿ ತಂದರೆ ಕೆಲಸ ಮಾಡದು ಎಂದೂ ಒಪ್ಪಬೇಕು. ಬಟ್ಟೆ ಅಂಗಡಿಯ ಮಾಲೀಕ ಸಂಬಳವನ್ನು ಡ್ರಾಯರಿನಿಂದ ತೆಗೆದು ಕೈಗೆ ಕೊಡುತ್ತಾನೆ, ಪಿಎಫ್ ಇಲ್ಲ, ಇಎಸ್‌ಐ ಇಲ್ಲ, ಯಾವ ಇಲಾಖೆಗೂ ಆ ಅಂಕಿ ಹೋಗುವುದಿಲ್ಲ. ಅಲ್ಲಿ ಹುಡುಗನ ಮಾತನ್ನೇ ನಂಬಬೇಕಾಗುತ್ತದೆ. ಸಣ್ಣ ಗಳಿಕೆಗೆ ಒಂದು ಮಿತಿ ಹಾಕಿ, ಅದರೊಳಗೆ ಲೆಕ್ಕವನ್ನೇ ಕೇಳದಿರುವುದು ಹೆಚ್ಚು ಸುಲಭ.

ಇಲ್ಲಿ ಇಂಗ್ಲೆಂಡಿನದೂ ಚಿನ್ನವೇನಲ್ಲ. ಮೊದಲ ಹಣ ಬರಲು ಐದು ವಾರ ಬೇಕು, ಮುಂಗಡ ತೆಗೆದುಕೊಂಡರೆ ಅದು ಸಾಲ, ಮುಂದಿನ ಕಂತುಗಳಿಂದ ಮುರಿದುಕೊಳ್ಳುತ್ತಾರೆ. 2025-26ರಲ್ಲಿ 25 ತುಂಬಿದವನಿಗೆ 400.14 ಪೌಂಡ್ ಕೊಟ್ಟು 24ರವನಿಗೆ 316.98 ಕೊಟ್ಟದ್ದಕ್ಕೆ ನನಗೆ ಒಪ್ಪುವ ಕಾರಣ ಕಾಣದು, ಅಂಗಡಿಯಲ್ಲಿ ಬ್ರೆಡ್ಡಿನ ಬೆಲೆ ಇಬ್ಬರಿಗೂ ಅದೇ. ನಾಲ್ಕು ವಾರಕ್ಕೊಮ್ಮೆ ಸಂಬಳ ಪಡೆಯುವವನಿಗೆ ವರ್ಷಕ್ಕೆ 13 ಸಂಬಳ, ಎರಡು ಒಂದೇ ತಿಂಗಳ ಲೆಕ್ಕಕ್ಕೆ ಬಿದ್ದಾಗ ಭತ್ಯೆ ಸೊನ್ನೆಯಾಗಬಹುದು. ಜಾಬ್‌ಸೆಂಟರ್ ಅನ್ನುವ ಸರ್ಕಾರಿ ಉದ್ಯೋಗ ಕಚೇರಿಯ ಭೇಟಿಯನ್ನು ಸರಿಯಾದ ಕಾರಣವಿಲ್ಲದೆ ತಪ್ಪಿಸಿಕೊಂಡರೆ ಭತ್ಯೆಯಲ್ಲಿ ಕಡಿತ. ಯುವನಿಧಿಯಲ್ಲಿ ಆ ಭೇಟಿಯೂ ಇಲ್ಲ, ಆ ಬೆದರಿಕೆಯೂ ಇಲ್ಲ. ನಾಡಕಚೇರಿಯ ಆದಾಯ ಪ್ರಮಾಣಪತ್ರಕ್ಕೆ ಅಲೆಸದೆ ಓದಿದ ಹುಡುಗ ಹುಡುಗಿಯರ ಖಾತೆಗೇ ನೇರ ಹಾಕುತ್ತಾರೆ. ಸರ್ಕಾರ ಅಷ್ಟು ಮಾಡಿದ್ದು ದೊಡ್ಡದೇ. ಓದಲು ಇಲ್ಲಿಗೆ ಬಂದ ನಮ್ಮ ಮಕ್ಕಳಿಗಂತೂ ವೀಸಾದಲ್ಲೇ ಸರ್ಕಾರಿ ನೆರವಿಲ್ಲ ಎಂದು ಬರೆದಿರುತ್ತದೆ, ಅವರಿಗೆ ನಾನು ಹೊಗಳಿದ ಈ 55 ಪೆನ್ಸ್ ಲೆಕ್ಕದಿಂದ ಏನೂ ಸಿಗುವುದಿಲ್ಲ.